ಹಸಿಗೆಯ ಚೂರಿಯೂ ಮೊಲಜ್ವರವೂ: ಬೇಟೆಯ ಇತಿಹಾಸದಲ್ಲಿ ಒಂದು ಅಲಕ್ಷಿತ ಅಧ್ಯಾಯ

1. ವಿಷಯ ಪ್ರವೇಶ

ಬೇಟೆಯನ್ನು ಕುರಿತು ಬರೆದಿರುವ ಇತಿಹಾಸಗ್ರಂಥಗಳನ್ನು ಅವಲೋಕಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಿಲ್ಲುಬಾಣಗಳ ರಚನೆ, ಕೋವಿಯ ಸುಧಾರಣೆ, ಬೇಟೆನಾಯಿಗಳ ತಳಿ, ಅರಸರ ಮೃಗಯಾವಿನೋದ ಇವೆಲ್ಲವೂ ಅವುಗಳಲ್ಲಿ ವಿಸ್ತಾರವಾಗಿ ವರ್ಣಿತವಾಗಿವೆ. ಆದರೆ ಪ್ರಾಣಿಯು ನೆಲಕ್ಕುರುಳಿದೊಡನೆ ಲೇಖಕನ ಲೇಖನಿಯೂ ನಿಂತುಬಿಡುತ್ತದೆ. ನಮ್ಮ ಆತಕೂರು ಶಾಸನವನ್ನೇ ನೋಡಬಹುದು. ಹತ್ತನೆಯ ಶತಮಾನದ ಆ ಶಾಸನವು ಕಾಳಿಯೆಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿದುದನ್ನೂ ಎರಡೂ ಮಡಿದುದನ್ನೂ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದುದನ್ನೂ ಹೇಳುತ್ತದೆ. ಆ ಹಂದಿಯನ್ನು ಮುಂದೆ ಯಾರು, ಹೇಗೆ ಹಸಿಗೆ ಮಾಡಿದರೆಂಬುದು ಶಾಸನದ ವಿಷಯವಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ (1126-1138) 'ಮಾನಸೋಲ್ಲಾಸ'ವು ಈ ಮಾತಿಗೆ ಒಂದು ಅಪವಾದ. ಹಂದಿಯ ಮೈಗೂದಲನ್ನು ಬಿಸಿನೀರಿನಿಂದ ಕೀಳುವ ಕ್ರಮವೂ ಮಾಂಸವನ್ನು ಹೋಳುಮಾಡುವ ರೀತಿಯೂ ಅದರಲ್ಲಿ ಉಕ್ತವಾಗಿವೆ. ಆದರೆ ಅಲ್ಲಿಯೂ ಗ್ರಂಥಕರ್ತನ ದೃಷ್ಟಿ ರಾಜನ ಊಟದ ತಟ್ಟೆಯ ಮೇಲಿದೆಯೇ ಹೊರತು ಚೂರಿ ಹಿಡಿದ ಸೇವಕನ ಕೈಯ ಮೇಲಿಲ್ಲ.

ತೊಗಲು ಸುಲಿದು, ಕರುಳು ತೆಗೆದು, ಮಾಂಸವನ್ನು ಪಾಲುಮಾಡುವ ಈ ಕೆಲಸವನ್ನು ನಮ್ಮ ಹಳ್ಳಿಗರು 'ಹಸಿಗೆ'ಯೆಂದು ಕರೆಯುತ್ತಾರೆ. ಬೇಟೆಗಾರನಿಗೆ ಗಾಯವಾಗುವ ಸಂಭವ ಕೋವಿ ಹಾರಿಸುವಾಗ ಮಾತ್ರವಲ್ಲ, ಈ ಹಸಿಗೆಯ ವೇಳೆಯಲ್ಲಿಯೂ ಉಂಟು. ಕೈ ರಕ್ತದಿಂದ ಜಾರುತ್ತದೆ, ಬೆಳಕು ಕುಂದಿರುತ್ತದೆ, ದೇಹ ದಣಿದಿರುತ್ತದೆ. ಚೂರಿಯ ಮೊನೆ ಕಣ್ಣಿಗೆ ಕಾಣದಂತೆ ಒಡಲೊಳಗೆ ಚಲಿಸುತ್ತಿರುತ್ತದೆ. ಬೆರಳಿಗೆ ತಗುಲಿದ ಇಂಥ ಚಿಕ್ಕ ಗಾಯವು ಇತಿಹಾಸದ ವಸ್ತುವಾಗಬಲ್ಲುದೇ ಎಂಬ ಪ್ರಶ್ನೆ ಸಹಜವಾದುದು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಅದು ಇತಿಹಾಸದ ವಸ್ತುವಾಯಿತು. ಅಲ್ಲಿ ಜನರು 'ಮೊಲಜ್ವರ'ವೆಂದೂ ವೈದ್ಯರು 'ಟುಲರೀಮಿಯ'ವೆಂದೂ ಕರೆದ ವ್ಯಾಧಿಯ ವೃತ್ತಾಂತವನ್ನು ಹಸಿಗೆಯ ಚೂರಿಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಸುರಕ್ಷತೆಯ ಹೊಣೆ ಯಾರದು, ದುಡಿಯುವ ಕೈಯದೋ ಆ ಕೈಗೆ ಕೆಲಸವನ್ನು ಒದಗಿಸುವ ವ್ಯವಸ್ಥೆಯದೋ ಎಂಬ ಪ್ರಶ್ನೆಯೂ ಇದರೊಡನೆ ಬೆಸೆದುಕೊಂಡಿದೆ.

2. ಪ್ಲೇಗಿನ ನೆರಳಿನಲ್ಲಿ

ಈ ವೃತ್ತಾಂತದ ಆರಂಭವು ನಮ್ಮ ನಾಡಿಗೆ ತೀರ ಅಪರಿಚಿತವಾದುದೇನಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು 1898ರಲ್ಲಿ ಬೆಂಗಳೂರನ್ನು ತಲ್ಲಣಗೊಳಿಸಿದ ಪ್ಲೇಗು ಮಾರಿಯು ಹಡಗುಗಳ ಮೂಲಕ ಲೋಕದ ನಾನಾ ಬಂದರುಗಳಿಗೆ ಹರಡಿ 1900ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಮುಟ್ಟಿತು. ಪಟ್ಟಣದ ಇಲಿಗಳಿಂದ ಅದು ಸುತ್ತಣ ಬಯಲಿನ ನೆಲ ಅಳಿಲುಗಳಿಗೂ ತಗುಲಿದುದರಿಂದ ಅಲ್ಲಿಯ ಸಾರ್ವಜನಿಕ ಆರೋಗ್ಯ ಇಲಾಖೆಯವರು ಅಳಿಲುಗಳನ್ನು ಹಿಡಿಸಿ ಪ್ರಯೋಗಶಾಲೆಯಲ್ಲಿ ಕೊಯ್ದು ಪರೀಕ್ಷಿಸುತ್ತಿದ್ದರು. ಈ ಕಾರ್ಯದಲ್ಲಿ ನಿರತನಾಗಿದ್ದ ಜಾರ್ಜ್ ಮೆಕ್ಕಾಯ್ ಎಂಬ ವೈದ್ಯಾಧಿಕಾರಿಯು ಪ್ಲೇಗನ್ನೇ ಹೋಲುವ, ಆದರೆ ಪ್ಲೇಗಲ್ಲದ ಒಂದು ರೋಗವನ್ನು ಅಳಿಲುಗಳಲ್ಲಿ ಗುರುತಿಸಿ 1911ರಲ್ಲಿ ಪ್ರಕಟಿಸಿದನು. ಮರುವರ್ಷ ಅವನೂ ಚಾಪಿನ್ ಎಂಬುವನೂ ಸೇರಿ ಅದರ ರೋಗಾಣುವನ್ನು ಮೊಟ್ಟೆಯ ಹಳದಿಯ ಮಾಧ್ಯಮದಲ್ಲಿ ಬೆಳೆಸುವುದರಲ್ಲಿ ಯಶಸ್ವಿಗಳಾದರು. ಅಳಿಲುಗಳು ದೊರೆತ ಟುಲೇರ್ ಪ್ರಾಂತದ ಹೆಸರೇ ರೋಗಾಣುವಿಗೂ ಬಂದಿತು.

ಆಗ ಅದು ಅಳಿಲುಗಳ ರೋಗವೇ ಹೊರತು ಮನುಷ್ಯನಿಗೆ ಸಂಬಂಧಪಟ್ಟುದೆಂದು ಯಾರೂ ಎಣಿಸಿರಲಿಲ್ಲ. ಮನುಷ್ಯನಲ್ಲಿ ಈ ರೋಗಾಣುವು ಪ್ರಯೋಗಶಾಲೆಯ ಪರೀಕ್ಷೆಯಿಂದ ಮೊತ್ತಮೊದಲು ಸಿದ್ಧವಾದುದು 1914ರಲ್ಲಿ ವೆರಿ ಮತ್ತು ಲ್ಯಾಂಬ್ ಎಂಬ ವಿದ್ವಾಂಸರು ಪ್ರಕಟಿಸಿದ ಓಹಾಯೊ ಪ್ರಾಂತದ ಸಿನ್‌ಸಿನಾಟಿ ನಗರದ ಪ್ರಕರಣದಲ್ಲಿ. ರೋಗಿಯು ಯಾರೆಂಬುದು ನಮ್ಮ ವಿಷಯಕ್ಕೆ ಬಹು ಮುಖ್ಯ. ಅವನು ಉಪಾಹಾರ ಗೃಹವೊಂದರಲ್ಲಿ ಮಾಂಸ ಕತ್ತರಿಸುವ ಕೆಲಸದ ತರುಣ. ಅವನ ಕಣ್ಣು ಹುಣ್ಣಾಗಿ, ಬಳಿಯ ಗ್ರಂಥಿಗಳು ಬಾತುಕೊಂಡಿದ್ದವು. ಹೀಗೆ ಈ ವ್ಯಾಧಿಯ ಮಾನವ ಚರಿತ್ರೆಯ ಮೊದಲ ಪುಟದಲ್ಲಿಯೇ ಚೂರಿ ಹಿಡಿದು ದುಡಿಯುವವನೊಬ್ಬನು ನಿಂತಿದ್ದಾನೆ.

3. ಹಲವು ಹೆಸರು, ಒಂದೇ ವ್ಯಾಧಿ

ಇದೇ ಕಾಲದಲ್ಲಿ ಯೂಟಾ ಪ್ರಾಂತದ ರೈತರು ನೊಣದ ಕಡಿತದಿಂದ ಬರುವುದೆಂದು ನಂಬಲಾಗಿದ್ದ 'ಜಿಂಕೆನೊಣದ ಜ್ವರ'ದಿಂದ ಬಳಲುತ್ತಿದ್ದರು. ಪಿಯರ್ಸ್ ಎಂಬ ಸ್ಥಳೀಯ ವೈದ್ಯನು ಅದನ್ನು 1911ರಲ್ಲಿಯೇ ವರ್ಣಿಸಿದ್ದನು. ಪೂರ್ವದ ಪಟ್ಟಣಗಳಲ್ಲಿ ಕಾಡುಮೊಲಗಳನ್ನು ಸುಲಿದು ಮಾರುತ್ತಿದ್ದವರು ಚಳಿಗಾಲ ಬಂತೆಂದರೆ ತಮ್ಮನ್ನು ಹಿಡಿಯುತ್ತಿದ್ದ ಜ್ವರವನ್ನು ಮೊಲದ ಕಾಟವೆಂದೇ ಅರಿತಿದ್ದರು. ರೈತನ ಜ್ವರವೂ ಮಾರುಕಟ್ಟೆಯವನ ಜ್ವರವೂ ಅಳಿಲಿನ ಪ್ಲೇಗೂ ಒಂದೇ ಎಂದು ಸಾಧಿಸಿದ ಕೀರ್ತಿ ಎಡ್ವರ್ಡ್ ಫ್ರಾನ್ಸಿಸ್ ಎಂಬ ಸಂಶೋಧಕನಿಗೆ ಸಲ್ಲುತ್ತದೆ. 1919ರಲ್ಲಿ ಅವನು ಯೂಟಾಕ್ಕೆ ತೆರಳಿ ರೋಗಿಗಳನ್ನೂ ಮೊಲಗಳನ್ನೂ ನೊಣಗಳನ್ನೂ ಪರೀಕ್ಷಿಸಿದನು. 1921ರಲ್ಲಿ ವ್ಯಾಧಿಗೆ 'ಟುಲರೀಮಿಯ'ವೆಂಬ ಹೆಸರನ್ನಿತ್ತನು. ಅನಂತರ ವಾಷಿಂಗ್ಟನ್ ನಗರದ ಮೊಲದ ವ್ಯಾಪಾರಿಗಳ ಜ್ವರವೂ ಅದೇ ಎಂದು ತೋರಿಸಿಕೊಟ್ಟನು. ಈ ಕಾರ್ಯದಲ್ಲಿ ಅವನೂ ಅವನ ಸಹಾಯಕರೂ ಅದೇ ರೋಗಕ್ಕೆ ತುತ್ತಾದರು. ರೋಗಾಣುವಿನ ಕುಲಕ್ಕೆ ಮುಂದೆ 'ಫ್ರಾನ್ಸಿಸೆಲ್ಲ'ವೆಂಬ ಹೆಸರು ಬಂದುದು ಅವನ ಗೌರವಾರ್ಥವಾಗಿ.

ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಮೊಲವನ್ನು ಸುಲಿಯುವುದಕ್ಕೂ ಜ್ವರಕ್ಕೂ ಸಂಬಂಧವುಂಟೆಂಬ ಅರಿವು ವಿದ್ವಾಂಸರಿಗಿಂತ ಮೊದಲು ಮಾರುಕಟ್ಟೆಯ ಜನರಲ್ಲಿದ್ದಿತು. ಆದರೆ ಆ ಅರಿವು ಬರವಣಿಗೆಗೆ ಇಳಿಯಲಿಲ್ಲ. ಆದುದರಿಂದ ಒಂದು ಊರಿನ ಅನುಭವ ಮತ್ತೊಂದು ಊರಿಗೆ ಎಚ್ಚರಿಕೆಯಾಗಲಿಲ್ಲ. ವಿಜ್ಞಾನವು ಇಲ್ಲಿ ಮಾಡಿದ ಮಹತ್ಕಾರ್ಯವೆಂದರೆ ಚದುರಿದ್ದ ಈ ಅನುಭವಗಳನ್ನು ಒಂದೇ ಕಾರಣದ ಕೆಳಗೆ ತಂದುದು.

4. ಕೈ, ಚೂರಿ, ಮೂಳೆ

ರೋಗಾಣುವು ದೇಹವನ್ನು ಹೊಗುವ ಬಗೆಯನ್ನು ತಿಳಿಯದೆ ಎಚ್ಚರಿಕೆಗಳ ಅರ್ಥವಾಗದು. ಸೋಂಕು ತಗುಲಿದ ಮೊಲದ ರಕ್ತದಲ್ಲಿಯೂ ಯಕೃತ್ತು, ಗುಲ್ಮ ಮುಂತಾದ ಒಳ ಅಂಗಗಳಲ್ಲಿಯೂ ರೋಗಾಣುಗಳು ತುಂಬಿರುತ್ತವೆ. ಹಸಿಗೆ ಮಾಡುವವನ ಬೆರಳಿನಲ್ಲಿ ಚೂರಿಯ ಗೀರಾಗಲಿ, ಮುರಿದ ಮೂಳೆಯ ಚುಚ್ಚಾಗಲಿ, ಪೊದೆಯ ಮುಳ್ಳು ತರಚಿದ ಹಳೆಯ ಗಾಯವಾಗಲಿ ಇದ್ದರೆ ಅದರ ಮೂಲಕ ಅವು ಒಳಹೊಗುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕೇ ಸಾಕು. ರಕ್ತ ಮೆತ್ತಿದ ಕೈಯಿಂದ ಕಣ್ಣನ್ನು ಉಜ್ಜಿಕೊಂಡರೆ ಕಣ್ಣೇ ದ್ವಾರವಾಗುತ್ತದೆ. ಸಾಮಾನ್ಯವಾಗಿ 3ರಿಂದ 5 ದಿನಗಳಲ್ಲಿ ಜ್ವರವೇರಿ, ಗಾಯವಿದ್ದೆಡೆ ಹುಣ್ಣಾಗಿ, ಮೊಣಕೈಯ ಅಥವಾ ಕಂಕುಳಿನ ಗ್ರಂಥಿಗಳು ಬಾತು ಕೀವಾಗುತ್ತಿದ್ದುವು. ರೋಗಿಯು ವಾರಗಟ್ಟಲೆ ಹಾಸಿಗೆ ಹಿಡಿದು ತಿಂಗಳುಗಟ್ಟಲೆ ನಿಶ್ಶಕ್ತನಾಗಿರುತ್ತಿದ್ದನು. ತಕ್ಕ ಔಷಧವಿಲ್ಲದಿದ್ದ ಆ ಕಾಲದಲ್ಲಿ ನೂರಕ್ಕೆ 5ರಿಂದ 7 ಮಂದಿ ಸಾಯುತ್ತಿದ್ದರು.

ಈ ವ್ಯಾಧಿಯು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದುದರಿಂದ ಪ್ಲೇಗಿನ ಕಾಲದಲ್ಲಿ ಸರ್ಕಾರಗಳು ಬಳಸಿದ ಶಿಬಿರವಾಸ, ಮನೆ ತೆರವು, ಪ್ರಯಾಣ ನಿರ್ಬಂಧಗಳಿಗೆ ಇಲ್ಲಿ ಎಡೆಯಿರಲಿಲ್ಲ. ರಕ್ಷಣೆಯ ಗಡಿಯು ಊರಿನ ಎಲ್ಲೆಯಿಂದ ಸರಿದು ಒಬ್ಬೊಬ್ಬನ ಬೆರಳ ತುದಿಗೆ ಬಂದು ನಿಂತಿತು. 1920ರ ಮತ್ತು 1930ರ ದಶಕಗಳಲ್ಲಿ ಆರೋಗ್ಯಾಧಿಕಾರಿಗಳು ಹೊರಡಿಸಿದ ಸೂಚನೆಗಳ ಸ್ವರೂಪವನ್ನು ನಿರ್ಧರಿಸಿದುದು ಇದೇ ಸಂಗತಿ.

ಸೂಚನೆಗಳು ಸರಳವಾಗಿದ್ದುವು. ನಾಯಿಗೆ ಅಥವಾ ಹುಡುಗರ ಕೈಗೆ ಸುಲಭವಾಗಿ ಸಿಕ್ಕಿಬೀಳುವ ಮಂದಗತಿಯ ಮೊಲವನ್ನು ಮುಟ್ಟಬಾರದು, ಅದು ರೋಗಿಷ್ಠವಿರಬಹುದು. ಹಸಿಗೆಯ ವೇಳೆಯಲ್ಲಿ ರಬ್ಬರಿನ ಕೈಚೀಲಗಳನ್ನು ಧರಿಸಬೇಕು. ಯಕೃತ್ತಿನ ಮೇಲೆ ಬಿಳಿಯ ಚುಕ್ಕೆಗಳು ಕಂಡರೆ ಆ ಪ್ರಾಣಿಯನ್ನು ತ್ಯಜಿಸಬೇಕು. ಕೆಲಸ ಮುಗಿದ ಮೇಲೆ ಕೈಗಳನ್ನೂ ಚೂರಿಯನ್ನೂ ಹಲಗೆಯನ್ನೂ ಸಾಬೂನಿನಿಂದ ತೊಳೆಯಬೇಕು. ಮಾಂಸವನ್ನು ಎಲುಬಿನ ಬಳಿ ಕೆಂಪು ಉಳಿಯದಂತೆ ಬೇಯಿಸಬೇಕು. 56 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಹತ್ತು ನಿಮಿಷಗಳಲ್ಲಿ ರೋಗಾಣು ಸಾಯುತ್ತದೆ. ಆದರೆ ಹಿಮಗಟ್ಟಿಸಿದ ಮಾಂಸದಲ್ಲಿ ಬಹುಕಾಲ ಬದುಕಿರಬಲ್ಲುದು. ತಣ್ಣಗಿಟ್ಟ ಮಾಂಸ ನಿರಪಾಯವೆಂಬ ಗೃಹಿಣಿಯರ ನಂಬಿಕೆಯನ್ನು ಈ ಕೊನೆಯ ಅಂಶವು ಅಲುಗಿಸಿತು.

ಚೂರಿಯ ಬಳಕೆಯಲ್ಲಿ ನುರಿತವರಿಗೆ ಗೊತ್ತಿದ್ದ ನಿಯಮಗಳೂ ಈ ಜ್ಞಾನದಿಂದ ಹೊಸ ಅರ್ಥವನ್ನು ಪಡೆಯುತ್ತವೆ. ಮೊಂಡು ಚೂರಿಗಿಂತ ಹರಿತವಾದ ಚೂರಿಯೇ ಕ್ಷೇಮ. ಮೊಂಡಾದುದಕ್ಕೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದ ಕೈ ಜಾರುತ್ತದೆ. ಅಲಗನ್ನು ಸದಾ ಹಿಡಿದ ಕೈಯಿಂದಲೂ ದೇಹದಿಂದಲೂ ಆಚೆಗೆ ಎಳೆಯಬೇಕು. ಹೊಟ್ಟೆಯನ್ನು ಸೀಳುವಾಗ ಮೊನೆಯನ್ನು ಆಳಕ್ಕೆ ಇಳಿಸದೆ ತೊಗಲನ್ನು ಎತ್ತಿ ಹಿಡಿದು ಮೇಲ್ಮುಖವಾಗಿ ಕೊಯ್ಯಬೇಕು. ಇಲ್ಲದಿದ್ದರೆ ಕರುಳು ಹರಿದು ಮಾಂಸವೂ ಕೆಡುತ್ತದೆ. ಒಡಲೊಳಗೆ ಕಾಣದ ಕಡೆ ಚೂರಿ ಆಡುತ್ತಿರುವಾಗ ಇನ್ನೊಂದು ಕೈ ಅದರ ದಾರಿಯಲ್ಲಿರಬಾರದು. ಒಂದೇ ಪ್ರಾಣಿಯ ಮೇಲೆ ಇಬ್ಬರು ಚೂರಿ ಹಿಡಿದು ಕೆಲಸ ಮಾಡಬಾರದು. ಕೆಲಸದ ನಡುವೆ ಚೂರಿಯನ್ನು ಹುಲ್ಲಿನಲ್ಲೋ ಪ್ರಾಣಿಯ ಮೈಮೇಲೋ ಬಿಡದೆ ಒರೆಗೆ ಸೇರಿಸಬೇಕು. ಇವೆಲ್ಲವೂ ಬೆರಳನ್ನು ಉಳಿಸಿಕೊಳ್ಳುವ ನಿಯಮಗಳು. ಮೊಲಜ್ವರದ ಕಾಲದಲ್ಲಿ ಇವೇ ಪ್ರಾಣವನ್ನು ಉಳಿಸಿಕೊಳ್ಳುವ ನಿಯಮಗಳೂ ಆದುವು. ಆದರೂ ಚಿಕ್ಕ ಮೊಲವನ್ನು ಬಹುಮಂದಿ ಒಂದೆರಡು ಗೀರು ಹಾಕಿ ಬರಿಗೈಯಿಂದಲೇ ತೊಗಲನ್ನು ಎಳೆದು ಸುಲಿಯುತ್ತಿದ್ದರೆಂಬುದನ್ನು ಮರೆಯಬಾರದು. ಚೂರಿಯ ಜಾಣ್ಮೆಯೊಂದೇ ಸಾಲದೆ ಕೈಯ ಹೊದಿಕೆಯೂ ಬೇಕಾದುದು ಇದರಿಂದಲೇ.

5. ಜಪಾನ್ ಮತ್ತು ರಷ್ಯ

ಅಮೆರಿಕದ ಈ ಅನುಭವ ಏಕಾಕಿಯಾದುದಲ್ಲ. ಜಪಾನಿನಲ್ಲಿ ಹೊಮ್ಮಾ ಸೋಕೆನ್ ಎಂಬ ವೈದ್ಯನು 1837ರಲ್ಲಿಯೇ ಮೊಲದ ಮಾಂಸದಿಂದ ಉಂಟಾಗುವ ಇಂಥ ಬೇನೆಯನ್ನು ವರ್ಣಿಸಿದ್ದನು. ಫುಕುಷಿಮಾ ಪ್ರಾಂತದ ವೈದ್ಯ ಹಚಿರೋ ಒಹಾರನು ಕಾಡುಮೊಲಗಳನ್ನು ಹಸಿಗೆ ಮಾಡಿದವರಲ್ಲಿ ಕಂಡ ಜ್ವರವನ್ನು ಸ್ವತಂತ್ರವಾಗಿ ಅಭ್ಯಸಿಸಿ 1925ರಲ್ಲಿ ಪ್ರಕಟಿಸಿದನು. ಮೊಲವೇ ಮೂಲವೆಂದು ಸಿದ್ಧಪಡಿಸಲು ಸತ್ತ ಮೊಲದ ರಕ್ತವನ್ನು ಅವನ ಪತ್ನಿಯ ಕೈಯ ಹಿಂಬದಿಗೆ ಸವರಲಾಯಿತು. ಆಕೆ ಕೆಲವೇ ದಿನಗಳಲ್ಲಿ ಜ್ವರದಿಂದ ಮಲಗಿದಳು. ಜಪಾನಿನಿಂದ ಕಳುಹಿಸಿದ ವಸ್ತುಗಳನ್ನು ಫ್ರಾನ್ಸಿಸನು ಪರೀಕ್ಷಿಸಿ ಎರಡೂ ದೇಶಗಳ ವ್ಯಾಧಿ ಒಂದೇ ಎಂದು 1926ರಲ್ಲಿ ಸಾರಿದನು. ಆ ಪ್ರಯೋಗದ ವಿಜ್ಞಾನಮೌಲ್ಯವನ್ನು ಅಲ್ಲಗಳೆಯಲಾಗದು. ಆದರೆ ಗಂಡನ ಶಾಸ್ತ್ರಕ್ಕೆ ತನ್ನ ಕೈಯೊಡ್ಡಿದ ಆ ಸ್ತ್ರೀಯ ಹೆಸರು ರಿಕಿ ಎಂಬುದನ್ನು ಇತಿಹಾಸಕಾರನಾದರೂ ನೆನೆಯಬೇಕು.

ರಷ್ಯದಲ್ಲಿ ಮೊಲದ ಸ್ಥಾನವನ್ನು ನೀರಿಲಿಯು ಪಡೆದಿತ್ತು. ವೋಲ್ಗಾ ನದಿಯ ಮುಖಜ ಪ್ರದೇಶದ ಅಸ್ತ್ರಖಾನಿನ ಸುತ್ತಮುತ್ತ 1926ರಲ್ಲಿ ವ್ಯಾಧಿಯು ಕಾಣಿಸಿಕೊಂಡಾಗ ಅದಕ್ಕೆ ಈಡಾದವರು ಚರ್ಮಕ್ಕಾಗಿ ನೀರಿಲಿಗಳನ್ನು ಹಿಡಿದು ಸುಲಿಯುತ್ತಿದ್ದ ಬಡಜನರು. ಒಂದೆಡೆ ಮಾಂಸದ ಪೇಟೆ, ಮತ್ತೊಂದೆಡೆ ಬೆಟ್ಟದ ಹಳ್ಳಿ, ಇನ್ನೊಂದೆಡೆ ತುಪ್ಪುಳಿನ ವ್ಯಾಪಾರ: ಸಮಾಜಗಳು ಬೇರೆ ಬೇರೆಯಾದರೂ ರೋಗವು ಹೊಕ್ಕ ಬಾಗಿಲು ಒಂದೇ, ಅದು ಸುಲಿಯುವವನ ಕೈ.

6. ಎಚ್ಚರಿಕೆಯ ಮಿತಿ

ಅಮೆರಿಕದಲ್ಲಿ ವರದಿಯಾದ ರೋಗಿಗಳ ಸಂಖ್ಯೆ 1939ರಲ್ಲಿ 2,291ನ್ನು ಮುಟ್ಟಿತು. ಒಂದು ವರ್ಷದ ಲೆಕ್ಕದಲ್ಲಿ ಇದೇ ಪರಮಾವಧಿ. ಈ ಅಂಕಿಯನ್ನು ವಿವೇಚನೆಯಿಂದ ಬಳಸಬೇಕಾಗಿದೆ. ವೈದ್ಯರಿಗೆ ರೋಗದ ಪರಿಚಯವಾದಂತೆಲ್ಲ, ರಕ್ತಪರೀಕ್ಷೆಯ ಸೌಕರ್ಯ ಹೆಚ್ಚಿದಂತೆಲ್ಲ ವರದಿಗಳು ಏರುವುದು ಸಹಜ. ಆದುದರಿಂದ ಏರಿಕೆಯೆಲ್ಲವೂ ರೋಗದ ಏರಿಕೆಯಲ್ಲ. ಆದರೂ ಎಚ್ಚರಿಕೆಯ ಸೂಚನೆಗಳು ಹೊರಟು ಹತ್ತು ಹದಿನೈದು ವರ್ಷಗಳಾದ ಮೇಲೂ ಸಾವಿರಾರು ಜನರು ರೋಗಕ್ಕೆ ತುತ್ತಾಗುತ್ತಿದ್ದರೆಂಬುದು ನಿರ್ವಿವಾದ. ಸೂಚನೆಗಳು ಏಕೆ ಫಲಿಸಲಿಲ್ಲ?

ಮೊದಲನೆಯ ಕಾರಣ ಆರ್ಥಿಕವಾದುದು. 1929ರ ಅನಂತರದ ಮಹಾಮುಗ್ಗಟ್ಟಿನ ದಿನಗಳಲ್ಲಿ ಕಾಡುಮೊಲವು ಬಡವನ ಮಾಂಸವಾಗಿತ್ತು. ಒಂದು ಮೊಲಕ್ಕಾಗಿ ಹೊಲದ ಬದುವಿನಲ್ಲಿ ಅಲೆಯುವವನು ರಬ್ಬರಿನ ಕೈಚೀಲಕ್ಕೆ ದುಡ್ಡು ತೆರುವನೆಂದು ನಿರೀಕ್ಷಿಸುವುದು ಸಾಧುವಲ್ಲ. ಚುಕ್ಕೆಬಿದ್ದ ಯಕೃತ್ತನ್ನು ಕಂಡು ಇಡೀ ಮೊಲವನ್ನೇ ಎಸೆಯುವುದೂ ಹಸಿದವನಿಗೆ ಸುಲಭದ ಮಾತಲ್ಲ. ಎರಡನೆಯದು ಕಾಲಕ್ರಮಕ್ಕೆ ಸಂಬಂಧಪಟ್ಟುದು: ಯಕೃತ್ತು ಕಣ್ಣಿಗೆ ಬೀಳುವುದು ಹೊಟ್ಟೆ ಸೀಳಿದ ಮೇಲೆ, ಅಷ್ಟರೊಳಗೆ ಕೈ ರಕ್ತದಲ್ಲಿ ಅದ್ದಿಹೋಗಿರುತ್ತದೆ. ಮೂರನೆಯದಾಗಿ, ಬೇಟೆಗಾರನೇ ಹಸಿಗೆ ಮಾಡುವವನೆಂಬ ಭಾವನೆಯೇ ಅಪೂರ್ಣವಾದುದು. ಸುಲಿದು ಶುಚಿಮಾಡುವ ಕೆಲಸವು ಎಷ್ಟೋ ವೇಳೆ ಮನೆಯ ಹೆಂಗಸರ ಪಾಲಿಗೆ, ಮಾರುಕಟ್ಟೆಯ ಆಳುಗಳ ಪಾಲಿಗೆ, ಅಡುಗೆಯವರ ಪಾಲಿಗೆ ಬರುತ್ತಿದ್ದಿತು. ಕೋವಿಯ ಪರವಾನೆ ಪಡೆದವನಿಗೆ ಹೇಳಿದ ಮಾತು ಅಡುಗೆಮನೆಯವರೆಗೆ ತಲುಪಬೇಕಾಗಿದ್ದಿತು. ನಾಲ್ಕನೆಯದಾಗಿ, ಪೇಟೆಯಲ್ಲಿ ಕೊಂಡ ಮೊಲವು ಎಲ್ಲಿ ಹೇಗೆ ಸತ್ತಿತೆಂಬುದು ಕೊಂಡವನಿಗೆ ತಿಳಿಯುವಂತಿರಲಿಲ್ಲ. ಮಂದಗತಿಯ ಮೊಲವನ್ನು ಮುಟ್ಟಬೇಡವೆಂಬ ಉಪದೇಶವು ಅವನಿಗೆ ನಿರರ್ಥಕ.

ಹೀಗೆ ವ್ಯಕ್ತಿಯ ಜಾಗರೂಕತೆಗೆ ಮಿತಿಯಿರುವುದು ಗೋಚರವಾದ ಮೇಲೆ ವ್ಯವಸ್ಥೆಯ ಕಡೆಗೆ ಗಮನ ಹರಿಯಿತು. ಕೆಲವು ಪ್ರಾಂತಗಳು ಕಾಡುಮೊಲದ ಸಾಗಣೆ ಮಾರಾಟಗಳನ್ನು ನಿರ್ಬಂಧಿಸಿದುವು. ಮತ್ತೊಂದು ಉಪಾಯವು ಹೆಚ್ಚು ಕುತೂಹಲಕರ. ಮೊಲದಿಂದ ಮೊಲಕ್ಕೆ ರೋಗವನ್ನು ಸಾಗಿಸುವುದು ಉಣ್ಣೆಹುಳು. ತೀವ್ರವಾದ ಹಿಮ ಬಿದ್ದ ಮೇಲೆ ಮೊಲದ ಮೈಮೇಲೆ ಉಣ್ಣೆಗಳು ಉಳಿಯುವುದಿಲ್ಲ, ರೋಗಿಷ್ಠ ಮೊಲಗಳೂ ಅಷ್ಟರಲ್ಲಿ ಸತ್ತುಹೋಗುತ್ತವೆ. ಆದುದರಿಂದ ಬೇಟೆಯ ಋತುವನ್ನು ಹಿಮ ಬೀಳುವವರೆಗೆ ಮುಂದೂಡಿದರೆ ಬೇಟೆಗಾರನ ಚೀಲಕ್ಕೆ ಬೀಳುವ ರೋಗಿಷ್ಠ ಮೊಲಗಳೇ ಕಡಮೆಯಾಗುತ್ತವೆ. ಇಲಿನಾಯ್ ಪ್ರಾಂತದ ಅನುಭವವನ್ನು ಆಧರಿಸಿ ಯೆಟರ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು 1952ರಲ್ಲಿ ಪ್ರಕಟಿಸಿದ ಪ್ರಬಂಧವು ಹವಾಮಾನ, ಮೊಲಗಳ ಸಂಖ್ಯೆ ಮತ್ತು ಮನುಷ್ಯರ ರೋಗ ಇವುಗಳ ಸಂಬಂಧವನ್ನೇ ವಿವೇಚಿಸುತ್ತದೆ. ಇಲ್ಲಿ ತತ್ತ್ವವೊಂದು ಅಡಗಿದೆ. ಪಂಚಾಂಗದಲ್ಲಿ ಮಾಡಿದ ಒಂದು ತಿದ್ದುಪಡಿಯು ಕೈಚೀಲವಿಲ್ಲದವನನ್ನೂ ಓದು ಬಾರದವನನ್ನೂ ಅಡುಗೆಮನೆಯ ಗೃಹಿಣಿಯನ್ನೂ ಸಮನಾಗಿ ಕಾಪಾಡುತ್ತದೆ. ಉಪದೇಶವು ಕೇಳಿದವನನ್ನು ಮಾತ್ರ ಕಾಯುತ್ತದೆ.

ಔಷಧವೂ ತಡವಾಗಿ ಬಂದಿತು. ವಾಕ್ಸ್‌ಮನ್ನನ ಪ್ರಯೋಗಶಾಲೆಯಲ್ಲಿ ಶಾಟ್ಜ್ ಎಂಬ ತರುಣನು 1943ರಲ್ಲಿ ಬೇರ್ಪಡಿಸಿದ ಸ್ಟ್ರೆಪ್ಟೋಮೈಸಿನ್ ಔಷಧವನ್ನು 1946ರ ವೇಳೆಗೆ ಫೊಷೆ ಎಂಬ ಸಿನ್‌ಸಿನಾಟಿಯ ವೈದ್ಯನು ಮೊಲಜ್ವರದ ರೋಗಿಗಳಿಗೆ ಕೊಟ್ಟು ಗುಣ ಕಂಡನು. ಸಾವು ವಿರಳವಾಯಿತು. ಮಹಾಯುದ್ಧಾನಂತರದ ಸಮೃದ್ಧಿಯಲ್ಲಿ ಕಾಡುಮೊಲವು ಬಡವನ ಊಟದಿಂದಲೂ ಮಾರುಕಟ್ಟೆಯಿಂದಲೂ ಸರಿಯುತ್ತ ಹೋಯಿತು. 1990ರಿಂದ 2000ದವರೆಗಿನ ಹನ್ನೊಂದು ವರ್ಷಗಳಲ್ಲಿ ಅಲ್ಲಿ ವರದಿಯಾದ ಪ್ರಕರಣಗಳು ಒಟ್ಟು 1,368, ಎಂದರೆ ವರ್ಷಕ್ಕೆ ಸರಾಸರಿ 124. ಈ ಇಳಿಕೆಯನ್ನು ಕೈಚೀಲಕ್ಕೊ ಔಷಧಕ್ಕೊ ಕಾನೂನಿಗೊ ಒಂದಕ್ಕೇ ಕಟ್ಟುವುದು ಯುಕ್ತವಲ್ಲ. ಔಷಧವು ರೋಗಿಯನ್ನು ಉಳಿಸಿತೇ ಹೊರತು ರೋಗಿಗಳ ಸಂಖ್ಯೆಯನ್ನು ತಗ್ಗಿಸಲಾರದು. ಸುಲಿಯುವ ಕೈಗಳೇ ಕಡಮೆಯಾದುದು ಪ್ರಬಲ ಕಾರಣಗಳಲ್ಲಿ ಒಂದೆಂದು ತೋರುತ್ತದೆ.

7. ಉಪಸಂಹಾರ

ಈ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಬೇಟೆಯ ಇತಿಹಾಸವನ್ನು ಪ್ರಾಣಿಯ ಮರಣದೊಡನೆ ಮುಗಿಸುವುದು ಸರಿಯಲ್ಲ. ಶ್ರಮವೂ ಅಪಾಯವೂ ಬಹುಭಾಗ ಅಲ್ಲಿಂದಲೇ ಮೊದಲಾಗುತ್ತವೆ, ಅವನ್ನು ಹೊರುವವರು ಬೇಟೆಯ ಕೀರ್ತಿಯನ್ನು ಪಡೆದವರೇ ಆಗಿರಬೇಕೆಂದಿಲ್ಲ. ಎರಡು, ಕೈಕೆಲಸದವರ ಅನುಭವಜ್ಞಾನವು ಶಾಸ್ತ್ರಜ್ಞಾನಕ್ಕೆ ಮುನ್ನವೇ ಇದ್ದು ದಾಖಲೆಯಿಲ್ಲದೆ ವ್ಯರ್ಥವಾಗುವುದುಂಟು. ಮೂರು, ಚೂರಿಯನ್ನು ಎಚ್ಚರದಿಂದ ಹಿಡಿ ಎಂಬ ಮಾತು ಸತ್ಯವಾದರೂ ಪೂರ್ಣಸತ್ಯವಲ್ಲ. ಎಚ್ಚರವು ಬಡತನ, ಅವಸರ, ವ್ಯಾಪಾರಗಳ ಒತ್ತಡದಲ್ಲಿ ಸೋಲುತ್ತದೆ. ಆಗ ಸಮಾಜವು ಮಾಡಿಕೊಂಡ ಏರ್ಪಾಡುಗಳೇ ಅದರ ಬೆಂಬಲಕ್ಕೆ ನಿಲ್ಲಬೇಕು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ಬಲವಾದ ಕಡಿವಾಣ ಹಾಕಿದೆ. ಆದುದರಿಂದ ಈ ಚರ್ಚೆ ನಮಗೆ ದೂರದ್ದೆಂದು ತೋರಬಹುದು. ಆದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ ಉಣ್ಣೆಯಿಂದ ಹರಡುವ ಹೊಸ ವ್ಯಾಧಿಯೊಂದು ಬೆಳಕಿಗೆ ಬಂದಾಗ, ಸತ್ತ ಪ್ರಾಣಿಯನ್ನು ಬರಿಗೈಯಿಂದ ಮುಟ್ಟಬೇಡಿರೆಂಬ ಎಚ್ಚರಿಕೆಯು ನಮ್ಮ ಮಲೆನಾಡಿನ ಕೂಲಿಯವನಿಗೂ ಅಗತ್ಯವಾಯಿತು. ಸೌದೆಗೂ ತರಗೆಲೆಗೂ ಕಾಡನ್ನೇ ನಂಬಿದವನು ಆ ಮಾತನ್ನು ಎಷ್ಟರಮಟ್ಟಿಗೆ ಪಾಲಿಸಬಲ್ಲವನಾಗಿದ್ದನು, ಅದಕ್ಕೆ ಬೇಕಾದ ಅನುಕೂಲವನ್ನು ಅವನಿಗೆ ಯಾರು ಒದಗಿಸಿದರು ಎಂಬುದನ್ನು ಜಿಲ್ಲೆಯ ಕಡತಗಳಿಂದಲೂ ಹಿರಿಯರ ಬಾಯಿಮಾತಿನಿಂದಲೂ ಸಂಗ್ರಹಿಸುವ ಕಾರ್ಯವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಳ್ಳುವುದು ಉಚಿತ. ಅರಸರ ಬೇಟೆಯನ್ನು ಕಲ್ಲು ಬರೆದಿಟ್ಟಿದೆ. ದುಡಿದ ಕೈಗಳ ಲೆಕ್ಕವನ್ನು ನಾವು ಬರೆಯಬೇಕಾಗಿದೆ.